ಕಜ್ಜಿ, ಹೇನಿನ ಮದ್ದು: ಹನ್ನೆರಡು ತಪ್ಪು ಕಲ್ಪನೆ, ಹನ್ನೆರಡು ವಾಸ್ತವ

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿ ರೇಷ್ಮೆ ಸೀಮೆ. ಇಲ್ಲಿ ಬೆಳೆದ ಗೂಡು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತದೆ. ಹುಳ ಸಾಕುವ ಮನೆಗಳಲ್ಲಿ ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ತೆಗೆಯುವುದು ಎಲ್ಲವೂ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಮಲಗುವುದೂ ಒಟ್ಟಿಗೆ, ಒಂದೇ ಚಾಪೆ, ಒಂದೇ ಕಂಬಳಿ. ಇಂಥ ಮನೆಗೆ ಹಾಸ್ಟೆಲಿನಿಂದಲೋ ನೆಂಟರ ಮನೆಯಿಂದಲೋ ಒಬ್ಬರು ಕಜ್ಜಿ ತಂದರೆ ತಿಂಗಳೊಳಗೆ ಎಲ್ಲರೂ ಕೆರೆಯುತ್ತಾರೆ. ಒಂದು ಹುಡುಗಿಯ ತಲೆಗೆ ಹೇನು ಹತ್ತಿದರೆ ಅಕ್ಕತಂಗಿಯರ ತಲೆಗೂ ದಾಟುತ್ತದೆ.

ಆಗ ಕೇಳಿಬರುವ ಮಾತು ಒಂದೇ: "ಎಷ್ಟು ಹಚ್ಚಿದ್ರೂ ಹೋಗ್ತಿಲ್ಲ." ಬಹುತೇಕ ಸಲ ತಪ್ಪು ಮದ್ದಿನದಲ್ಲ, ಹಚ್ಚುವ ರೀತಿಯದು. ಎರಡಕ್ಕೂ ಒಳ್ಳೆಯ ಔಷಧಗಳಿವೆ, ದುಬಾರಿಯೂ ಅಲ್ಲ. ಸರಿಯಾಗಿ ಹಚ್ಚಿದರೆ ವಾಸಿಯಾಗುತ್ತದೆ. ತಪ್ಪಾಗಿ ಹಚ್ಚಿದರೆ ಕಾಯಿಲೆಯೂ ಉಳಿಯುತ್ತದೆ, ಕೆಲವೊಮ್ಮೆ ಔಷಧವೇ ಕೇಡು ಮಾಡುತ್ತದೆ. ಊರಿನಲ್ಲಿ ಬೇರೂರಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಕಜ್ಜಿ, ಹೇನು ಕೊಳಕು ಜನರಿಗೆ ಮಾತ್ರ ಬರುವುದು.

ವಾಸ್ತವ: ಕಜ್ಜಿಗೆ ಕಾರಣ ಚರ್ಮದ ಮೇಲ್ಪದರ ಕೊರೆದು ಅಲ್ಲೇ ಬಾಳುವ ಒಂದು ನುಸಿ. ಹೆಣ್ಣು ನುಸಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಬಿಲ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. 1687ರಲ್ಲೇ ಇಟಲಿಯ ಬೊನೊಮೊ ಮತ್ತು ಚೆಸ್ತೋನಿ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ ಕಜ್ಜಿಯ ಮೂಲ ಇದೇ ಎಂದು ಬರೆದಿದ್ದರು. ಈ ನುಸಿ ಹರಡಲು ಬೇಕಾದದ್ದು ಕೊಳೆಯಲ್ಲ, ಮೈಗೆ ಮೈ ತಾಗಿ ಕೆಲಹೊತ್ತು ಇರುವುದು. ಮಗುವನ್ನು ಎತ್ತಿಕೊಳ್ಳುವುದು, ಒಟ್ಟಿಗೆ ಮಲಗುವುದು ಸಾಕು. ಹೇನು ಕೂಡ ತಲೆಗೆ ತಲೆ ತಾಗಿದಾಗ ತೆವಳಿ ಹೋಗುತ್ತದೆ. ಅದಕ್ಕೆ ಹಾರಲೂ ಬಾರದು, ನೆಗೆಯಲೂ ಬಾರದು. ದಿನಾ ತಲೆ ತೊಳೆದವರಿಗೂ ಹತ್ತುತ್ತದೆ.

ಜಗತ್ತಿನಲ್ಲಿ ಯಾವುದೇ ಹೊತ್ತಿನಲ್ಲಿ ನೋಡಿದರೂ 20 ಕೋಟಿಗೂ ಹೆಚ್ಚು ಜನರಿಗೆ ಕಜ್ಜಿ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾಗಿ ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮುಚ್ಚಿಡುವುದರಿಂದ ಮಾತ್ರ ಹೆಚ್ಚುತ್ತದೆ.

2. ತಪ್ಪು ಕಲ್ಪನೆ: ನಂಜಿನ ಪದಾರ್ಥ ತಿಂದರೆ, ಮೈ ಉಷ್ಣವಾದರೆ ಕಜ್ಜಿ ಏಳುತ್ತದೆ. ಪಥ್ಯ ಮಾಡಿದರೆ ಹೋಗುತ್ತದೆ.

ವಾಸ್ತವ: ಬದನೆಕಾಯಿ, ಮೀನು, ಮೊಟ್ಟೆ ಬಿಟ್ಟರೆ ನುಸಿ ಸಾಯುವುದಿಲ್ಲ. ಪಥ್ಯದ ಹೆಸರಿನಲ್ಲಿ ಬೆಳೆಯುವ ಮಕ್ಕಳಿಗೆ ಮೊಟ್ಟೆ, ಬೇಳೆ ತಪ್ಪಿಸಿದರೆ ನಷ್ಟ ಮಕ್ಕಳಿಗೇ.

ಕಜ್ಜಿಯ ಗುರುತು ಬೇರೆಯೇ ಇದೆ. ರಾತ್ರಿ ಹೊದ್ದು ಮಲಗಿದ ಮೇಲೆ ತುರಿಕೆ ಏರುತ್ತದೆ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟ, ಪೃಷ್ಠ, ಗಂಡಸರ ಗುಪ್ತಾಂಗ, ಹೆಂಗಸರ ಮೊಲೆತೊಟ್ಟಿನ ಸುತ್ತ ಗುಳ್ಳೆಗಳಿರುತ್ತವೆ. ಕೂಸುಗಳಿಗೆ ಅಂಗೈ, ಅಂಗಾಲು, ತಲೆಗೂ ಬರುತ್ತದೆ. ಬೆರಳ ಸಂದಿಯನ್ನು ಬಿಸಿಲಿಗೆ ಹಿಡಿದು ನೋಡಿ. ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದದ, ಬೂದು ಬಣ್ಣದ, ಅಂಕುಡೊಂಕಾದ ಸಣ್ಣ ಗೆರೆ ಕಂಡರೆ ಅದೇ ನುಸಿ ಕೊರೆದ ದಾರಿ. ಅದರ ತುದಿಯಲ್ಲೇ ನುಸಿ ಇರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಇದೇ ತುರಿಕೆ ಇದ್ದರೆ ಅನುಮಾನ ಬಲವಾಗುತ್ತದೆ. ಖಚಿತಪಡಿಸಬೇಕಾದವರು ವೈದ್ಯರು.

3. ತಪ್ಪು ಕಲ್ಪನೆ: ತುರಿಸುವ ಜಾಗಕ್ಕೆ ಹಚ್ಚಿದರೆ ಸಾಕು.

ವಾಸ್ತವ: ಔಷಧ ಸೋಲುವುದು ಬಹುಪಾಲು ಇಲ್ಲೇ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವ ನುಸಿ ಹತ್ತು ಹದಿನೈದು ಮಾತ್ರ. ತುರಿಕೆ ಬರುವುದು ನುಸಿ, ಅದರ ಮೊಟ್ಟೆ, ಹಿಕ್ಕೆಗಳ ವಿರುದ್ಧ ಮೈ ಸಿಡಿದೇಳುವುದರಿಂದ. ಆದ್ದರಿಂದ ನುಸಿ ಇಲ್ಲದ ಕಡೆಯೂ ತುರಿಸಬಹುದು, ತುರಿಸದ ಕಡೆ ನುಸಿ ಇರಬಹುದು.

ಒಂದು ಬೆಳೆ ಮುಗಿದು ಇನ್ನೊಂದು ಚಾಕಿ ತರುವ ಮೊದಲು ಹುಳದ ಮನೆಗೆ ಮದ್ದು ಹೊಡೆಯುವಾಗ ರೈತರು ಒಂದು ಮೂಲೆಯನ್ನೂ ಬಿಡುವುದಿಲ್ಲ. ಬಿಟ್ಟ ಮೂಲೆಯಿಂದಲೇ ರೋಗ ಮರಳುತ್ತದೆಂದು ಅವರಿಗೆ ಗೊತ್ತು. ಮೈಗೆ ಹಚ್ಚುವಾಗಲೂ ಅದೇ ಎಚ್ಚರ ಬೇಕು.

ಹೆಚ್ಚಾಗಿ ಬರೆದುಕೊಡುವ ಔಷಧ 5% ಪರ್ಮೆಥ್ರಿನ್ ಕ್ರೀಮ್. ಹಚ್ಚುವ ಕ್ರಮ ಹೀಗಿದೆ. ರಾತ್ರಿ ಊಟ, ಕೆಲಸ ಎಲ್ಲ ಮುಗಿಸಿ, ಉಗುರು ಕತ್ತರಿಸಿ, ಉಂಗುರ ಬಳೆ ತೆಗೆಯಿರಿ. ಮೈ ಒಣಗಿರಬೇಕು, ತಣ್ಣಗಿರಬೇಕು. ಕತ್ತಿನಿಂದ ಕೆಳಗೆ ಅಂಗಾಲಿನವರೆಗೆ ತೆಳುವಾಗಿ ಉಜ್ಜಿ ಹಚ್ಚಿ. ಕಂಕುಳು, ಬೆನ್ನು, ಹೊಕ್ಕುಳ ಒಳಗೆ, ಸೊಂಟದ ಉಡಿದಾರದ ಕೆಳಗೆ, ತೊಡೆಸಂದಿ, ಪೃಷ್ಠದ ನಡುವೆ, ಕಾಲ್ಬೆರಳ ಸಂದಿ, ಉಗುರಿನ ಅಡಿ, ಇವೆಲ್ಲ ಜನ ಮರೆಯುವ ಜಾಗ. ಬೆನ್ನಿಗೆ ಇನ್ನೊಬ್ಬರು ಹಚ್ಚಲಿ. ಚಿಕ್ಕ ಮಕ್ಕಳಿಗೆ ಮತ್ತು ತೀರ ವಯಸ್ಸಾದವರಿಗೆ ಕಣ್ಣು, ಬಾಯಿಯ ಸುತ್ತ ಬಿಟ್ಟು ಮುಖ, ನೆತ್ತಿಗೂ ಹಚ್ಚಲು ವೈದ್ಯರು ಹೇಳಬಹುದು. ಗಾಯದ ಒಳಗೆ, ಕಣ್ಣಿಗೆ, ಬಾಯಿಗೆ ಸೋಕಬಾರದು. 8ರಿಂದ 14 ಗಂಟೆ ಬಿಟ್ಟು ಬೆಳಿಗ್ಗೆ ಸೋಪು ಹಾಕಿ ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಬೆರಳ ಸಂದಿ ನುಸಿಗೆ ಬಹಳ ಇಷ್ಟದ ಜಾಗವಾದ್ದರಿಂದ ಈ ಮಾತು ಮುಖ್ಯ.

4. ತಪ್ಪು ಕಲ್ಪನೆ: ಕೆರೆಯುವವನಿಗೆ ಮಾತ್ರ ಹಚ್ಚಬೇಕು. ಒಂದು ಟ್ಯೂಬ್ ಮನೆಗೆಲ್ಲ ಆಗುತ್ತದೆ.

ವಾಸ್ತವ: ಮೊದಲ ಸಲ ನುಸಿ ಹತ್ತಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಷ್ಟು ದಿನವೂ ಆ ವ್ಯಕ್ತಿ ಇತರರಿಗೆ ಹರಡುತ್ತಿರುತ್ತಾನೆ. ಆದ್ದರಿಂದ ತುರಿಕೆ ಇರಲಿ ಬಿಡಲಿ, ಒಂದೇ ಸೂರಿನಡಿ ಮಲಗುವ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಈ ವಾರ ಮಗನಿಗೆ, ಬರುವ ವಾರ ಅಜ್ಜಿಗೆ ಎಂದು ಮಾಡಿದರೆ ಅಜ್ಜಿಯಿಂದ ಮಗನಿಗೆ, ಮಗನಿಂದ ಅಜ್ಜಿಗೆ ಸುತ್ತು ಹೊಡೆಯುತ್ತಲೇ ಇರುತ್ತದೆ.

ಫಿಜಿ ದ್ವೀಪಗಳಲ್ಲಿ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಒಂದು ದ್ವೀಪದ ಇಡೀ ಜನಕ್ಕೆ, ಕಜ್ಜಿ ಇದ್ದವರಿಗೂ ಇಲ್ಲದವರಿಗೂ, ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು. ಅಲ್ಲಿ 32.1% ಇದ್ದ ಕಜ್ಜಿ ವರ್ಷದೊಳಗೆ 1.9%ಕ್ಕೆ ಇಳಿಯಿತು. ಕಾಯಿಲೆಯವರನ್ನೂ ಅವರ ಸಂಪರ್ಕದವರನ್ನೂ ಮಾತ್ರ ನೋಡಿಕೊಂಡ ಕಡೆ 36.6%ರಿಂದ 18.8%ಕ್ಕಷ್ಟೇ ಇಳಿಯಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶದ ಪಾಠ ನಮ್ಮ ಹಾಸ್ಟೆಲುಗಳಿಗೂ ಅನ್ವಯಿಸುತ್ತದೆ. ಒಂದು ಕೋಣೆಯ ಮಕ್ಕಳೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು.

ಅಳತೆಯೂ ಮುಖ್ಯ. ದೊಡ್ಡವರೊಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ಅದರ ಅರ್ಧದವರೆಗೆ, ಒಂದರಿಂದ ಐದು ವರ್ಷದವರಿಗೆ ಕಾಲು ಭಾಗದವರೆಗೆ ಎಂಬುದು ರೂಢಿಯ ಲೆಕ್ಕ. ಐದು ಜನರ ಮನೆಗೆ ಒಂದು ಟ್ಯೂಬ್ ಹಂಚಿದರೆ ಯಾರಿಗೂ ಸಾಕಾಗುವುದಿಲ್ಲ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ಎಷ್ಟು ಜನ, ಯಾರ ವಯಸ್ಸೆಷ್ಟು, ಬಸುರಿಯರಿದ್ದಾರೆಯೇ, ಮೊಲೆಯುಣಿಸುವವರಿದ್ದಾರೆಯೇ ಎಂಬುದನ್ನು ಹೇಳಿ.

5. ತಪ್ಪು ಕಲ್ಪನೆ: ಬಿಸಿಬಿಸಿ ನೀರಿನಲ್ಲಿ ಉಜ್ಜಿ ಸ್ನಾನ ಮಾಡಿ, ಗುಳ್ಳೆ ಒಡೆಸಿ ಹಚ್ಚಿದರೆ ಮದ್ದು ಒಳಗಿಳಿಯುತ್ತದೆ.

ವಾಸ್ತವ: ಒಳಗಿಳಿಯಬಾರದು ಎಂಬುದೇ ಇಲ್ಲಿಯ ಸೂತ್ರ. ನುಸಿ ಇರುವುದು ಚರ್ಮದ ತೀರ ಮೇಲಿನ ಪದರದಲ್ಲಿ. ಮದ್ದು ಅಲ್ಲಿದ್ದರೆ ಸಾಕು. ಬಿಸಿ ನೀರಿಗೆ ಚರ್ಮ ಮೆದುವಾಗಿ, ಕಲ್ಲಿನಿಂದಲೋ ನಾರಿನಿಂದಲೋ ತಿಕ್ಕಿ ಸುಲಿದು ಗಾಯವಾದರೆ ಔಷಧ ರಕ್ತಕ್ಕೆ ಹೆಚ್ಚು ಸೇರುತ್ತದೆ, ಉರಿಯೂ ತಡೆಯಲಾಗದು. ಸ್ನಾನ ಮಾಡಿದ್ದರೆ ಮೈ ಚೆನ್ನಾಗಿ ಒರೆಸಿ, ಆರಿ ತಣ್ಣಗಾದ ಮೇಲೆ ಹಚ್ಚಿ. ಗುಳ್ಳೆ ಕೀವಾಗಿದ್ದರೆ ವೈದ್ಯರನ್ನು ಕಾಣಿ. ಕೆರೆದ ಗಾಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೇರಿ, ಆಮೇಲೆ ಮೂತ್ರಪಿಂಡಕ್ಕೆ ತೊಂದರೆಯಾಗುವುದುಂಟು. ಕಜ್ಜಿ ಕೀವಾದ ಮಗುವಿನ ಮುಖ ಊದಿಕೊಂಡರೆ, ಮೂತ್ರ ಕೆಂಪಾದರೆ ಒಂದು ದಿನವೂ ತಡಮಾಡಬೇಡಿ.

6. ತಪ್ಪು ಕಲ್ಪನೆ: ತುರಿಕೆ ನಿಲ್ಲುವವರೆಗೆ ದಿನಾ ಹಚ್ಚುತ್ತಿರಬೇಕು.

ವಾಸ್ತವ: ಪರ್ಮೆಥ್ರಿನ್ ಒಂದು ರಾತ್ರಿ, ಮತ್ತೆ ಸುಮಾರು ಒಂದು ವಾರ ಬಿಟ್ಟು ಇನ್ನೊಂದು ರಾತ್ರಿ. ಮೊದಲ ಸಲ ತಪ್ಪಿಸಿಕೊಂಡದ್ದು, ಮೊಟ್ಟೆಯಿಂದ ಆಮೇಲೆ ಬಂದದ್ದು ಎರಡನೆಯ ಸಲಕ್ಕೆ ಸಾಯುತ್ತವೆ. ಎರಡನೆಯ ಸಲವನ್ನು "ಕಮ್ಮಿಯಾಯ್ತಲ್ಲ" ಎಂದು ಬಿಡುವುದೂ ತಪ್ಪು, ದಿನಾ ಹಚ್ಚುವುದೂ ತಪ್ಪು.

ನುಸಿ ಸತ್ತ ಮೇಲೂ ಅದರ ಅವಶೇಷ ಚರ್ಮದಲ್ಲಿ ಇರುವುದರಿಂದ ತುರಿಕೆ ಎರಡರಿಂದ ನಾಲ್ಕು ವಾರ ಉಳಿಯಬಹುದು. ಇದು ಮದ್ದು ಸೋತಿತೆಂಬ ಅರ್ಥವಲ್ಲ. ಈ ಅವಧಿಯಲ್ಲಿ ಮತ್ತೆ ಮತ್ತೆ ಹಚ್ಚಿದರೆ ಚರ್ಮ ಒಣಗಿ, ಕೆಂಪಾಗಿ, ಔಷಧದಿಂದಲೇ ತುರಿಕೆ ಹುಟ್ಟುತ್ತದೆ. ತುರಿಕೆ ತಗ್ಗಿಸುವ ಮಾತ್ರೆ, ಚರ್ಮಕ್ಕೆ ತಂಪು ಕೊಡುವ ಮುಲಾಮು ವೈದ್ಯರು ಕೊಡುತ್ತಾರೆ. ನಾಲ್ಕು ವಾರದ ಮೇಲೂ ಹೊಸ ಗುಳ್ಳೆ, ಹೊಸ ಗೆರೆ ಏಳುತ್ತಿದ್ದರೆ ಮತ್ತೆ ತೋರಿಸಿ. ಮದ್ದು ಬದಲಿಸಬೇಕೇ, ಹಚ್ಚಿದ್ದರಲ್ಲಿ ಲೋಪವಾಯಿತೇ, ಮನೆಯಲ್ಲಿ ಯಾರಾದರೂ ಬಿಟ್ಟುಹೋದರೇ ಎಂದು ಅವರು ನೋಡುತ್ತಾರೆ.

7. ತಪ್ಪು ಕಲ್ಪನೆ: ಬೆಳೆಗೆ ಹೊಡೆಯುವ ಔಷಧ, ದನಕುರಿಯ ಉಣ್ಣೆಗೆ ಹಾಕುವ ಔಷಧ ಇನ್ನೂ ಜೋರು. ಹೇನು ಒಂದೇ ಏಟಿಗೆ ಸಾಯುತ್ತದೆ.

ವಾಸ್ತವ: ದಯವಿಟ್ಟು ಇದನ್ನು ಮಾಡಬೇಡಿ. ಹೊಲದ ಕೀಟನಾಶಕದ ಸಾಂದ್ರತೆ ಮನುಷ್ಯರ ಔಷಧಕ್ಕಿಂತ ಹಲವು ಪಟ್ಟು ಹೆಚ್ಚು. ಅದರಲ್ಲಿ ಬೆರೆಸಿರುವ ದ್ರಾವಕಗಳೂ ವಿಷವೇ. ನೆತ್ತಿಯ ಚರ್ಮ ಅದನ್ನು ಬೇಗ ಹೀರುತ್ತದೆ. ಆರ್ಗನೊಫಾಸ್ಫೇಟ್ ಜಾತಿಯ ಔಷಧವಾದರೆ ಬಾಯಲ್ಲಿ ನೊರೆ, ವಾಂತಿ, ಬೆವರು, ಕಣ್ಣಪಾಪೆ ಕುಗ್ಗುವುದು, ಉಸಿರು ಕಟ್ಟುವುದು ಆಗಿ ಮಗು ಸಾಯಬಹುದು.

ಹಿಂದಿನ ತಲೆಮಾರಿನವರು ಹೇನಿಗೆ ಗ್ಯಾಮಾಕ್ಸಿನ್ ಪುಡಿ ಹಾಕಿದ ನೆನಪು ಹಲವರಿಗಿದೆ. ಆ ಬಿಎಚ್‌ಸಿ ಪುಡಿಯನ್ನು ಭಾರತ 1997ರಲ್ಲಿ ನಿಷೇಧಿಸಿತು. ಅದರಿಂದಲೇ ತೆಗೆದ ಲಿಂಡೇನ್ ಎಂಬ ಕೀಟನಾಶಕದ ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ನಿಂತಿತು. ಲಿಂಡೇನ್ ಒಂದು ಕಾಲಕ್ಕೆ ಕಜ್ಜಿಗೂ ಹೇನಿಗೂ ಲೋಷನ್ ಆಗಿ ಬಹಳ ಬಳಕೆಯಲ್ಲಿತ್ತು. ಅದು ನರಗಳಿಗೆ ಹಾನಿ ಮಾಡಿ ಫಿಟ್ಸ್ ತರಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಅಪಾಯ ಹೆಚ್ಚಿದ್ದದ್ದು ಕೂಸುಗಳಿಗೆ, ಕಡಿಮೆ ತೂಕದವರಿಗೆ, ಮೂರ್ಛೆರೋಗದವರಿಗೆ, ಹೇಳಿದ್ದಕ್ಕಿಂತ ಹೆಚ್ಚು ಹಚ್ಚಿಕೊಂಡವರಿಗೆ. ಅಟ್ಟದ ಮೇಲೆ ಹಳೆಯ ಲಿಂಡೇನ್ (ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್) ಲೋಷನ್ ಬಾಟಲಿ ಇದ್ದರೆ ಬಳಸಬೇಡಿ.

ಸೀಮೆಎಣ್ಣೆಯೂ ಅಷ್ಟೇ. ನೆತ್ತಿ ಸುಟ್ಟು ಗುಳ್ಳೆಯೇಳುತ್ತದೆ, ಒಲೆಯ ಬಳಿ ಕೂದಲಿಗೆ ಬೆಂಕಿ ಹತ್ತುತ್ತದೆ, ಬಾಯಿಗೆ ಹೋದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

8. ತಪ್ಪು ಕಲ್ಪನೆ: ನಾಟಿ ಮದ್ದಿಗೆ ಅಡ್ಡಪರಿಣಾಮವಿಲ್ಲ. ಸೀತಾಫಲದ ಬೀಜ ಅರೆದು ಹಚ್ಚಿದರೆ ಸಾಕು.

ವಾಸ್ತವ: ಸೀತಾಫಲದ ಬೀಜಕ್ಕೆ ಹೇನು ಕೊಲ್ಲುವ ಗುಣವಿರುವುದು ನಿಜ. ಅದೇ ಬೀಜದ ಪುಡಿ ತಲೆ ತೊಳೆಯುವಾಗ ಕಣ್ಣಿಗಿಳಿದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರ ಸುಟ್ಟಂತಾಗುತ್ತದೆ. ತಡೆಯಲಾರದ ನೋವು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಆಗುತ್ತದೆ. ನಮ್ಮ ದೇಶದ ಕಣ್ಣಿನ ವೈದ್ಯರು ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಿ. ಎದೆಹಾಲು, ಎಣ್ಣೆ, ತುಪ್ಪ ಬಿಡಬೇಡಿ. ಹೊಗೆಸೊಪ್ಪಿನ ನೀರೂ ಅಪಾಯವೇ. ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಗೇರುತ್ತದೆ.

ಬೇವು, ಅರಿಶಿನ, ಹೊಂಗೆ ಎಣ್ಣೆ ಇಷ್ಟು ಅಪಾಯಕಾರಿಯಲ್ಲ. ಆದರೆ ಇವನ್ನೇ ನಂಬಿ ವಾರಗಟ್ಟಲೆ ಕಳೆದರೆ ಅಷ್ಟರಲ್ಲಿ ಮನೆಮಂದಿಗೆಲ್ಲ ಹರಡಿರುತ್ತದೆ.

9. ತಪ್ಪು ಕಲ್ಪನೆ: ಅಂಗಡಿಯಲ್ಲಿ "ತುರಿಕೆ ಮುಲಾಮು" ಕೇಳಿದರೆ ಕೊಡುತ್ತಾರೆ, ಎರಡೇ ದಿನಕ್ಕೆ ಆರಾಮ.

ವಾಸ್ತವ: ಹಾಗೆ ಕೊಡುವ ಹಲವು ಮುಲಾಮುಗಳಲ್ಲಿ ಜೋರಾದ ಸ್ಟೆರಾಯ್ಡ್ ಬೆರೆತಿರುತ್ತದೆ. ಅದು ತುರಿಕೆ ಅಡಗಿಸುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ತುರಿಕೆ ನಿಂತು, ಮೈಯ ಪ್ರತಿರೋಧವೂ ತಗ್ಗಿದ್ದರಿಂದ ನುಸಿ ನಿರಾತಂಕವಾಗಿ ಬೆಳೆಯುತ್ತದೆ. ಗುಳ್ಳೆಗಳ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಬಿಳಿ ಬಿರುಕು ಗೆರೆ ಮೂಡುತ್ತದೆ. ಇಂಥ 14 ಸ್ಟೆರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಪಕ್ಕದ ಮನೆಯವರ ಹಳೆಯ ಚೀಟಿ ತೋರಿಸಿ ಕೊಂಡುಕೊಳ್ಳುವುದೂ ಬೇಡ.

10. ತಪ್ಪು ಕಲ್ಪನೆ: ದೊಡ್ಡವರ ಮದ್ದನ್ನೇ ಕೂಸಿಗೂ ಬಸುರಿಗೂ ಹಚ್ಚಬಹುದು. ಇಲ್ಲವೇ, ಅವರಿಗೆ ಯಾವ ಮದ್ದನ್ನೂ ಹಚ್ಚಲೇಬಾರದು.

ವಾಸ್ತವ: ಎರಡೂ ತಪ್ಪು. 5% ಪರ್ಮೆಥ್ರಿನ್ ಅನ್ನು ಎರಡು ತಿಂಗಳು ದಾಟಿದ ಕೂಸಿಗೆ, ಬಸುರಿಯರಿಗೆ, ಬಾಣಂತಿಯರಿಗೆ ವೈದ್ಯರು ಬರೆದುಕೊಡುತ್ತಾರೆ. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಗಂಧಕದ ಮುಲಾಮು ಕೊಡುವ ಕ್ರಮವಿದೆ. ಮೊಲೆಯುಣಿಸುವ ತಾಯಿ ತೊಟ್ಟಿನ ಸುತ್ತ ಹಚ್ಚಿದ್ದನ್ನು ತೊಳೆದೇ ಹಾಲೂಡಿಸಬೇಕು. ಕೂಸು ಕೈ ಬಾಯಿಗೆ ಹಾಕಿಕೊಳ್ಳುವುದರಿಂದ ಹಚ್ಚಿದ ಮೇಲೆ ಕೈಗೆ ಹತ್ತಿ ಬಟ್ಟೆಯ ಚೀಲ ಕಟ್ಟಿ.

ಹಾಲಿನಂತೆ ಬೆಳ್ಳಗಿರುವ 25% ಬೆಂಜೈಲ್ ಬೆಂಜೋಯೇಟ್ ಲೋಷನ್ ಅಗ್ಗ, ಹಳೆಯದು, ಫಲವೂ ಕೊಡುತ್ತದೆ. ಆದರೆ ಚೆನ್ನಾಗಿ ಉರಿಯುತ್ತದೆ. ಮಕ್ಕಳಿಗೆ ಎಷ್ಟು ನೀರು ಬೆರೆಸಬೇಕೆಂದು ವೈದ್ಯರೇ ಹೇಳಬೇಕು. ಐವರ್‌ಮೆಕ್ಟಿನ್ ಮಾತ್ರೆಯ ಪ್ರಮಾಣ ತೂಕ ನೋಡಿ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಕುರಿಗೆ ಚುಚ್ಚುವ ಐವರ್‌ಮೆಕ್ಟಿನ್ ಅನ್ನು ಮನುಷ್ಯರು ಕುಡಿಯುವುದಾಗಲಿ ಹಚ್ಚುವುದಾಗಲಿ ಸರ್ವಥಾ ಸಲ್ಲದು.

11. ತಪ್ಪು ಕಲ್ಪನೆ: ಹೇನಿನ ಮದ್ದು ರಾತ್ರಿಯಿಡೀ ತಲೆಯಲ್ಲಿರಬೇಕು. ಸೀರು ಕಂಡರೆ ಮತ್ತೆ ಹಚ್ಚಬೇಕು. ಇಲ್ಲದಿದ್ದರೆ ತಲೆ ಬೋಳಿಸಬೇಕು.

ವಾಸ್ತವ: ಹೇನಿಗೆ ಬಳಸುವ ಪರ್ಮೆಥ್ರಿನ್ 1%, ಕಜ್ಜಿಯದು 5%. ಅದಲುಬದಲು ಮಾಡಬೇಡಿ. ಕಂಡೀಷನರ್ ಹಾಕದೆ ತಲೆ ತೊಳೆದು, ಟವೆಲಿನಿಂದ ಒರೆಸಿ, ಹಸಿ ಕೂದಲಿಗೆ ಬುಡದಿಂದ ತುದಿವರೆಗೆ, ಕಿವಿಯ ಹಿಂದೆ, ಹಿಂಗತ್ತಿನ ಮೇಲೆ ಹಚ್ಚಿ. ಹತ್ತು ನಿಮಿಷಕ್ಕೆ ತೊಳೆದುಬಿಡಿ. ಮಗು ಮುಖದ ಮೇಲೆ ಒಣ ಬಟ್ಟೆ ಒತ್ತಿ ಹಿಡಿದು ತಲೆ ಬಗ್ಗಿಸಲಿ, ನೀರು ಮೈಮೇಲೆ ಹರಿಯದಿರಲಿ. ಬಾಟಲಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಪ್ಲಾಸ್ಟಿಕ್ ಕವರ್ ಕಟ್ಟಿ ರಾತ್ರಿಯಿಡೀ ಬಿಡುವುದು ಅಪಾಯ.

ಹೇನಿನ ಮೊಟ್ಟೆ ಒಡೆಯಲು ಏಳರಿಂದ ಒಂಬತ್ತು ದಿನ ಬೇಕು. ಅದಕ್ಕಾಗಿಯೇ ಒಂಬತ್ತನೆಯ ದಿನದ ಆಸುಪಾಸು ಎರಡನೆಯ ಸಲ ಹಚ್ಚುವುದು. ಬುಡದಿಂದ ಒಂದು ಸೆಂಟಿಮೀಟರಿಗಿಂತ ದೂರ ಅಂಟಿಕೊಂಡಿರುವ ಬಿಳಿ ಸೀರು ಸಾಮಾನ್ಯವಾಗಿ ಮರಿ ಹೊರಬಂದ ಖಾಲಿ ಚಿಪ್ಪು. ಓಡಾಡುವ ಹೇನು ಕಂಡರೆ ಮಾತ್ರ ಚಿಕಿತ್ಸೆ ಬೇಕು.

ನಮ್ಮ ಅಜ್ಜಿಯರ ಸೀರಣಿಗೆ ಇಂದಿಗೂ ಒಳ್ಳೆಯ ಸಾಧನ. ಒದ್ದೆ ಕೂದಲಿಗೆ ಎಣ್ಣೆಯನ್ನೋ ಕಂಡೀಷನರನ್ನೋ ಹಚ್ಚಿ, ನೆತ್ತಿಗೆ ಒತ್ತಿ ಬುಡದಿಂದ ತುದಿಗೆ ಎಳೆದು, ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಎರಡು ಮೂರು ದಿನಕ್ಕೊಮ್ಮೆ, ಎರಡು ಮೂರು ವಾರ ಬಾಚಬೇಕು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಇದೊಂದೇ ದಾರಿ. ಔಷಧ ಹಚ್ಚುವ ದಿನ ಮಾತ್ರ ಎಣ್ಣೆ, ಕಂಡೀಷನರ್ ಬೇಡ. ಹುಡುಗಿಯರ ತಲೆ ಬೋಳಿಸಿ ಅವರನ್ನು ನೋಯಿಸುವ ಅಗತ್ಯವೇ ಇಲ್ಲ. ತಲೆಯ ಹೇನು ರೋಗ ಹರಡುವುದಿಲ್ಲ. ಮಗುವನ್ನು ಶಾಲೆ ಬಿಡಿಸಬೇಕಿಲ್ಲ. ಕಜ್ಜಿಯಾದರೂ ಮೊದಲ ರಾತ್ರಿಯ ಚಿಕಿತ್ಸೆ ಮುಗಿದ ಮೇಲೆ ಶಾಲೆಗೆ ಹೋಗಬಹುದು.

12. ತಪ್ಪು ಕಲ್ಪನೆ: ನಮ್ಮ ಮೈಗೆ ಹಚ್ಚಿದ ಮದ್ದಿಗೂ ಹುಳದ ಮನೆಗೂ ಸಂಬಂಧವಿಲ್ಲ. ಹುಳದ ಮನೆಯ ಔಷಧವನ್ನೇ ಹಾಸಿಗೆಗೂ ಹೊಡೆಯಬಹುದು.

ವಾಸ್ತವ: ಕೂಟಗಲ್ ಸೀಮೆಯವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಪರ್ಮೆಥ್ರಿನ್ ಸಿಂಥೆಟಿಕ್ ಪೈರೆಥ್ರಾಯ್ಡ್ ಜಾತಿಯದು, ಸೊಳ್ಳೆ ಬತ್ತಿಯ ಔಷಧದ ಬಳಗ. ಹುಳದ ಮನೆಯ ಹತ್ತಿರ ಸೊಳ್ಳೆ ಬತ್ತಿ ಹಚ್ಚಬಾರದೆಂದು ರೇಷ್ಮೆ ಬೆಳೆಗಾರರಿಗೆ ಗೊತ್ತಿರುವುದೇ. ಮನುಷ್ಯರಿಗೆ ಸುರಕ್ಷಿತವಾದ ಪ್ರಮಾಣವೂ ರೇಷ್ಮೆ ಹುಳಕ್ಕೆ ಮಾರಕ. ಹಚ್ಚಿಕೊಂಡ ಕೈಯಲ್ಲೇ ಸೊಪ್ಪು ಮುಟ್ಟಿದರೆ ಬೆಳೆ ಹೋಗಬಹುದು.

ಆದ್ದರಿಂದ ಹುಳ ಚಂದ್ರಿಕೆಗೇರಿ, ಗೂಡು ಬಿಡಿಸಿ, ಮನೆ ಖಾಲಿ ಇರುವ ದಿನಗಳು ಸಿಕ್ಕರೆ ಆಗ ಹಚ್ಚುವುದು ಒಳ್ಳೆಯದು. ಹುಳ ಇದೆಯೆಂದು ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡಬೇಡಿ. ಸಂಜೆಯ ಕೊನೆಯ ಸೊಪ್ಪು ಹಾಕಿದ ಮೇಲೆ ಹಚ್ಚಿಕೊಳ್ಳಿ. ಬೆಳಿಗ್ಗೆ ಸೋಪಿನಲ್ಲಿ ತಲೆಯಿಂದ ಕಾಲಿನವರೆಗೆ ಮಿಂದು, ಉಗುರ ಸಂದಿ ಉಜ್ಜಿ, ಒಗೆದ ಬಟ್ಟೆ ತೊಟ್ಟು, ಆಮೇಲೆ ಹುಳದ ಮನೆಗೆ ಕಾಲಿಡಿ. ರಾತ್ರಿ ತೊಟ್ಟ ಬಟ್ಟೆ, ಹಾಸಿದ ಚಾಪೆ ಅಲ್ಲಿಗೆ ಒಯ್ಯಬೇಡಿ. ಟ್ಯೂಬನ್ನು ಸೊಪ್ಪಿನ ಕೋಣೆಯಲ್ಲಿ ಇಡಬೇಡಿ. ಮಿಂದ ನೀರು ಹಿಪ್ಪುನೇರಳೆ ತೋಟಕ್ಕೆ, ಕೆರೆಗೆ ಹರಿಯದಿರಲಿ. ಮೀನಿಗೂ ಇದು ವಿಷ. ಬೆಕ್ಕುಗಳಿಗೂ ವಿಷವಾದ್ದರಿಂದ ಹಚ್ಚಿದ ಮೈಯನ್ನು ಅವು ನೆಕ್ಕದಂತೆ ನೋಡಿಕೊಳ್ಳಿ.

ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಸುಣ್ಣ ಹುಳದ ಮನೆಯ ರೋಗಾಣುಗಳಿಗೆ ಬಳಸುವಂಥವು. ಮೈಗೂ ಹಾಸಿಗೆಗೂ ಹಾಕಿದರೆ ಚರ್ಮ ಸುಡುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅದರ ಅಗತ್ಯವೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿ ಸ್ವಯಂಸೇವಕರನ್ನು ಕಜ್ಜಿಯವರು ಹೊದ್ದ ಕಂಬಳಿಗಳಲ್ಲಿ ಮಲಗಿಸಿ ನೋಡಿದರು. ಬಹಳ ಕಡಿಮೆ ಮಂದಿಗೆ ಮಾತ್ರ ಹತ್ತಿತು. ಹರಡುವುದು ಮುಖ್ಯವಾಗಿ ಮೈಯಿಂದ ಮೈಗೆ ಎಂಬುದು ಹಾಗೆ ಸಾಬೀತಾಯಿತು. ಮೈ ಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ತಲೆ ಬಿಟ್ಟ ಹೇನು ಎರಡು ದಿನ ದಾಟುವುದಿಲ್ಲ. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹೊದಿಕೆ, ಟವೆಲುಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹರವಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಅಷ್ಟೇ ಸಾಕು.

ಒಂದು ಮಾತು ಮಾತ್ರ ಬೇರೆ. ತೀರ ವಯಸ್ಸಾದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಚರ್ಮ ದಪ್ಪಗೆ ಹಕ್ಕಳೆ ಕಟ್ಟುವ ಕಜ್ಜಿ ಬರುತ್ತದೆ. ಅವರ ಮೈಮೇಲೆ ಸಾವಿರಗಟ್ಟಲೆ ನುಸಿ ಇರುತ್ತವೆ, ತುರಿಕೆ ಕಡಿಮೆ ಇರಬಹುದು. ಮನೆಯಲ್ಲಿ ಕಜ್ಜಿ ಮತ್ತೆ ಮತ್ತೆ ಬರುತ್ತಿದ್ದರೆ ಅಂಥ ಹಿರಿಯರಿದ್ದಾರೆಯೇ ನೋಡಿ, ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲದರ ಸಾರ ಚಿಕ್ಕದು. ಮೈಯೆಲ್ಲ, ಮನೆಯೆಲ್ಲ, ಒಂದೇ ರಾತ್ರಿ. ಮತ್ತೆ ವಾರ ಬಿಟ್ಟು ಒಂದು ಸಲ. ಹೇಳಿದಷ್ಟೇ ಅಳತೆ, ಹೇಳಿದಷ್ಟೇ ಹೊತ್ತು. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಚರ್ಮರೋಗವನ್ನೂ ತಪಾಸಣೆ ಮಾಡುತ್ತದೆ. ಮುಚ್ಚಿಡದೆ ತೋರಿಸಿ. ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಲಹೆ ಬೇಕಿದ್ದರೆ 104ಕ್ಕೆ ಕರೆ ಮಾಡಿ. ಮಗು ಔಷಧ ನುಂಗಿದರೆ, ಹಚ್ಚಿದ ಮೇಲೆ ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಉಳಿದ ಔಷಧವನ್ನು ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ.